ಸ್ನೇಹಲತಾ ರೆಡ್ಡಿ: ಆರೋಪಪಟ್ಟಿಯಲ್ಲಿ ಹೆಸರಿಲ್ಲ, ಆದರೂ ಎಂಟು ತಿಂಗಳು ಜೈಲು

ರಜೆ ಮುಗಿಸಿ ಪುಣೆ, ಮುಂಬೈ, ಹೈದರಾಬಾದ್ ಕಡೆ ಹೊರಡುವಾಗ ಬೆಂಗಳೂರಿನ ಆನಂದರಾವ್ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯ್ತೀವಲ್ಲ, ಅಲ್ಲೇ ಹತ್ತಿರ ಶೇಷಾದ್ರಿ ರಸ್ತೆಯಲ್ಲಿ ಫ್ರೀಡಂ ಪಾರ್ಕ್ ಇದೆ. ಅದು ಹಿಂದೆ ಸೆಂಟ್ರಲ್ ಜೈಲು. ‘ಸಂಸ್ಕಾರ’ ಸಿನಿಮಾದ ಚಂದ್ರಿಯನ್ನು ಇಟ್ಟಿದ್ದು ಅಲ್ಲೇ.

ಚಂದ್ರಿ ಪಾತ್ರ ಮಾಡಿದವರು ಸ್ನೇಹಲತಾ ರೆಡ್ಡಿ. ಹುಟ್ಟಿದ್ದು 1932ರಲ್ಲಿ, ಆಂಧ್ರದ ಕಡೆಯವರು. ಚೆನ್ನೈ ಗೆಳೆಯರಿಗೆ ಗೊತ್ತಿರೋ ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಇವರೂ ಒಬ್ಬರು. ಅನಂತಮೂರ್ತಿಯವರ ಕಾದಂಬರಿಯನ್ನು ಸಿನಿಮಾ ಮಾಡಿದ್ದು ಇವರ ಗಂಡ ಪಟ್ಟಾಭಿರಾಮ ರೆಡ್ಡಿ. ಸೆನ್ಸಾರ್ ಮಂಡಳಿ ಮೊದಲು ತಡೆದ ಆ ಚಿತ್ರವೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮೊದಲ ಸಲ ಕನ್ನಡಕ್ಕೆ ತಂದಿತು.

ಗಂಡ ಹೆಂಡತಿ ಇಬ್ಬರೂ ಲೋಹಿಯಾವಾದಿಗಳು, ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತರು. ತುರ್ತು ಪರಿಸ್ಥಿತಿಯಲ್ಲಿ ಜಾರ್ಜ್ ಭೂಗತರಾದರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ 1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಿದರು. ಕೊನೆಗೆ ಹಾಕಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ.

ಅದು ಹೇಗೆ ಸಾಧ್ಯ ಅಂತ ಕೇಳ್ತೀರಾ? ಅವರನ್ನು ಇಟ್ಟಿದ್ದು ‘ಮೀಸಾ’ ಕಾಯ್ದೆಯಡಿ. ವಿಚಾರಣೆ ಬೇಕಿಲ್ಲ, ಬಂಧನಕ್ಕೆ ಕಾರಣ ತಿಳಿಸಬೇಕಾಗಿಯೂ ಇರಲಿಲ್ಲ. ಅವರ ಬಂಧನಕ್ಕೆ ನಾಲ್ಕೇ ದಿನ ಮುಂಚೆ, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟ್ ಜಬಲ್ಪುರ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು: ಇಂಥ ಬಂಧನದ ವಿರುದ್ಧ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕೋ ಹಾಗಿಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅಂದರೆ, ತಪ್ಪಾಗಿದೆ ಅಂತ ಹೇಳೋಕೆ ಹೋಗೋ ಬಾಗಿಲೇ ಮುಚ್ಚಿತ್ತು.

ಸ್ನೇಹಲತಾ ಅವರಿಗೆ ತೀವ್ರ ಆಸ್ತಮಾ. ಜೈಲಲ್ಲಿ ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅಂಥ ಸ್ಥಿತಿಯಲ್ಲೂ ದಿನಚರಿ ಬರೆದರು. ಅದು ಆಮೇಲೆ ಪುಸ್ತಕವಾಯಿತು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಕೊಟ್ಟರು. 18ಕ್ಕೆ ಚುನಾವಣೆ ಘೋಷಣೆ ಆಯ್ತು. 20ಕ್ಕೆ ಅವರು ತೀರಿಕೊಂಡರು. ತುರ್ತು ಪರಿಸ್ಥಿತಿ ಮುಗಿಯೋಕೆ ಇನ್ನು ಎರಡೇ ತಿಂಗಳಿತ್ತು.

ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನದ ಪ್ರಕರಣದಲ್ಲಿ ತಳ್ಳಿಹಾಕಿತು. ನಲವತ್ತೊಂದು ವರ್ಷ ಬೇಕಾಯಿತು. ಮುಂದಿನ ಸಲ ಬಸ್ಸು ತಡವಾದರೆ ಫ್ರೀಡಂ ಪಾರ್ಕ್ ಒಳಗೆ ಒಂದು ಸುತ್ತು ಹೋಗಿ ಬನ್ನಿ. ಹಳೇ ಜೈಲಿನ ಕೋಣೆಗಳು ಒಂದಿಷ್ಟು ಹಾಗೇ ಇವೆ.