ಅತ್ತಾಗ ಕೈ ಸೋಲುವ ಮಗು

ಮಗು ಜೋರಾಗಿ ಅಳುತ್ತಿರುವಾಗ ಅದರ ಒಂದು ಕೈ ಸೋತು ಜೋತುಬೀಳುತ್ತದೆ, ಮಾತು ತೊದಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸರಿಹೋಗಿ ಮಗು ಆಟಕ್ಕೆ ಓಡುತ್ತದೆ. ಮನೆಯವರು ಇದನ್ನು ಹಟವೆಂದೋ ಗಾಳಿ ಸೋಂಕೆಂದೋ ತಿಳಿದು ಸುಮ್ಮನಾಗುವುದುಂಟು. ಹಾಗೆ ಸುಮ್ಮನಿರಲಾಗದು. ಮಿದುಳಿನ ರಕ್ತನಾಳದ ಬೇನೆಯೊಂದು ಇದಕ್ಕೆ ಕಾರಣವಾಗಿರಬಹುದು. ಅದರ ಹೆಸರು ಮೋಯಾಮೋಯಾ.

ಜಪಾನಿನ ವೈದ್ಯರು ಈ ಬೇನೆಯನ್ನು 1957ರಲ್ಲಿ ಮೊದಲು ವರ್ಣಿಸಿದರು. 1969ರಲ್ಲಿ ಸುಜುಕಿ ಮತ್ತು ತಕಾಕು ಎಂಬ ವೈದ್ಯರು ಅದಕ್ಕೆ ಈ ಹೆಸರನ್ನು ಬಳಕೆಗೆ ತಂದರು. ಜಪಾನೀ ಮಾತಿನಲ್ಲಿ ಅದರ ಅರ್ಥ ಹೊಗೆಯಂತೆ ಮಬ್ಬಾದದ್ದು. ರಕ್ತನಾಳಗಳ ಕ್ಷಕಿರಣ ಚಿತ್ರ ತೆಗೆದಾಗ ಮಿದುಳಿನ ಬುಡದಲ್ಲಿ ಹೊಗೆ ಎದ್ದ ಹಾಗೆ ಕಾಣುತ್ತದೆ.

ಈ ಹೊಗೆ ಏನೆಂಬುದು ನೀರು ಹಾಯಿಸುವ ರೈತರಿಗೆ ಬೇಗ ತಿಳಿಯುತ್ತದೆ. ಕತ್ತಿನ ಎರಡು ಪಕ್ಕಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ಇವು ಮುಖ್ಯ ಕಾಲುವೆ ಇದ್ದಂತೆ. ಈ ಬೇನೆಯಲ್ಲಿ ತಲೆಯೊಳಗೆ ಅವುಗಳ ತುದಿ ವರ್ಷ ವರ್ಷಕ್ಕೂ ಕಿರಿದಾಗುತ್ತ ಹೋಗುತ್ತದೆ. ಆಗ ರಕ್ತವು ಪಕ್ಕದ ಎಳೆಯಂಥ ಸಣ್ಣ ನಾಳಗಳಲ್ಲಿ ದಾರಿ ಮಾಡಿಕೊಳ್ಳುತ್ತದೆ. ಆ ಎಳೆಗಳ ಗೊಂಚಲೇ ಹೊಗೆ. ಬದುಗಳಿಂದ ಜಿನುಗುವ ನೀರು ಕೊನೆಯ ಗದ್ದೆಗೆ ಎಷ್ಟು ತಲುಪೀತು? ಅದರಲ್ಲೂ ಬೆಳೆಯುವ ಮಗುವಿನ ಮಿದುಳಿಗೆ, ಅಷ್ಟೇ ತೂಕದ ದೊಡ್ಡವರ ಮಿದುಳಿಗಿಂತ ಹೆಚ್ಚು ರಕ್ತ ಬೇಕು.

ಅಳುವಿಗೂ ಇದಕ್ಕೂ ಏನು ಸಂಬಂಧ? ಬಿಕ್ಕಿ ಬಿಕ್ಕಿ ಅಳುವಾಗ ಉಸಿರು ಬಿರುಸಾಗಿ, ರಕ್ತದಲ್ಲಿನ ಇಂಗಾಲಾಮ್ಲ ವಾಯು ಹೊರಗೆ ಹೋಗಿಬಿಡುತ್ತದೆ. ಅದು ಕಡಿಮೆಯಾದ ಕೂಡಲೇ ಮಿದುಳಿನ ನಾಳಗಳು ಬಿಗಿಯುತ್ತವೆ. ಆರೋಗ್ಯವಂತ ಮಗುವಿಗೆ ಇದರಿಂದ ಬಾಧೆಯಿಲ್ಲ. ಮೊದಲೇ ಕೊರತೆಯಿರುವ ಮಗುವಿಗೆ ಮಾತ್ರ ಅಷ್ಟೇ ಸಾಕು. ಜಪಾನಿನ ಮಕ್ಕಳಲ್ಲಿ ಬಿಸಿ ಶಾವಿಗೆಯನ್ನು ಊದಿ ಊದಿ ತಿನ್ನುವಾಗ, ಕೊಳಲು ಊದುವಾಗ ಹೀಗಾದದ್ದನ್ನು ವೈದ್ಯರು ಕಂಡಿದ್ದಾರೆ. ನಮ್ಮಲ್ಲಿ ಒಲೆಯ ಮುಂದೆ ಊದುಕೊಳವೆ ಹಿಡಿದ ಮಗುವಿಗೂ ಹಾಗಾಗಬಹುದು.

ಈ ಬೇನೆ ಅಪರೂಪ. ಅಳುವ ಮಗುವನ್ನೆಲ್ಲ ಕಂಡು ಹೆದರಬೇಕಿಲ್ಲ. ಆದರೆ ಕೈಕಾಲು ಒಮ್ಮೆಲೇ ಸೋತರೆ, ಬಾಯಿ ಸೊಟ್ಟಗಾದರೆ, ಮರಳಿ ಸರಿಹೋದರೂ ಆ ದಿನವೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಒಂದೊಂದು ಸಲ ಎಡಗೈ, ಒಂದೊಂದು ಸಲ ಬಲಗೈ ಸೋಲುವುದೂ ಉಂಟು. ಅದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ತಡವಾದರೆ ಮಿದುಳಿನ ಭಾಗ ಸತ್ತು, ಸೋತ ಕೈ ಹಾಗೆಯೇ ಉಳಿಯಬಹುದು.

ಕಿರಿದಾದ ನಾಳವನ್ನು ಹಿಗ್ಗಿಸುವ ಔಷಧವಿಲ್ಲ. ಶಸ್ತ್ರಚಿಕಿತ್ಸೆಯಿದೆ. ನೆತ್ತಿಯ ಚರ್ಮಕ್ಕೆ ರಕ್ತ ಕೊಡುವ ನಾಳವೊಂದನ್ನು ಮಿದುಳಿನ ನಾಳಕ್ಕೆ ಹೊಲಿಯುತ್ತಾರೆ, ಇಲ್ಲವೆ ಮಿದುಳಿನ ಮೇಲೆ ಹಾಸುತ್ತಾರೆ. ಹಾಸಿದ ನಾಳದಿಂದ ಕೆಲವು ತಿಂಗಳುಗಳಲ್ಲಿ ಹೊಸ ಕವಲುಗಳು ಒಡೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಉಂಟು.

ಅಲ್ಲಿಯವರೆಗೆ ಮಗುವನ್ನು ಬಾಯಾರಿಸಬಾರದು, ಉಪವಾಸ ಕೆಡವಬಾರದು. ಮೈಯಲ್ಲಿ ನೀರು ಕಡಿಮೆಯಾದರೆ ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ವಾಂತಿ ಭೇದಿ ಹತ್ತಿದರೆ ಕೂಡಲೇ ವೈದ್ಯರಿಗೆ ತೋರಿಸಿರಿ. ಶಾಲೆಯ ಮೇಷ್ಟರಿಗೂ ವಿಷಯ ತಿಳಿಸಿಡಿರಿ. ಓಟದ ಪಂದ್ಯಕ್ಕೆ ನಿಲ್ಲಿಸುವವರು ಅವರೇ.