ಮಾಸ್ಕ್ ರಸ್ತೆಯ ರುಚಿ, ನೆರೆಯವರ ಹಕ್ಕು

ಹೊಸಬಾಳೆ, ಸೊರಬ, ಶಿಕಾರಿಪುರದ ಕಡೆಯಿಂದ ಓದಿಗೋ ಆಸ್ಪತ್ರೆಗೋ ಎಂದು ಬೆಂಗಳೂರಿಗೆ ಹೋಗುವ ನಾವು ಮೆಜೆಸ್ಟಿಕ್‌ನಲ್ಲಿ ಉಂಡು, ಚಿಕ್ಕಪೇಟೆಯಲ್ಲಿ ಬಟ್ಟೆ ಕೊಂಡು ರಾತ್ರಿ ಬಸ್ಸು ಹತ್ತಿಬಿಡುತ್ತೇವೆ. ಮುಂದಿನ ಸಲ ಅರ್ಧ ದಿನ ಬಿಡುವು ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಫ್ರೇಜರ್ ಟೌನ್‌ಗೆ ಹೋಗಿ ಬನ್ನಿ.

1898ರ ಪ್ಲೇಗ್ ಮಾರಿಯ ಬಳಿಕ, ಇಕ್ಕಟ್ಟಾಗಿದ್ದ ದಂಡು ಪ್ರದೇಶದ ಜನರಿಗೆ ಗಾಳಿ ಬೆಳಕು ಸಿಗಲೆಂದು ಎದ್ದ ಬಡಾವಣೆಯಿದು. ನಾಲ್ವಡಿ ಕೃಷ್ಣರಾಜ ಒಡೆಯರ ಗುರುವಾಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರು ಇದಕ್ಕಿದೆ. ಅಧಿಕೃತ ಹೆಸರು ಪುಲಕೇಶಿನಗರ. ಹಾಜಿ ಸರ್ ಇಸ್ಮಾಯಿಲ್ ಸೇಠ್ ಮಸೀದಿ ಇರುವುದರಿಂದ ಇಲ್ಲಿಯ ಬೀದಿಗೆ ಮಾಸ್ಕ್ ರಸ್ತೆ ಎಂಬ ಹೆಸರು ಬಂತು. 1902ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿ ಈ ಬೀದಿಯಲ್ಲೇ ಇದೆ. ರಮಝಾನ್‌ನ ಖೋವಾ ನಾನ್, ಗುಡ್ ಫ್ರೈಡೆಯ ಶಿಲುಬೆ ಗುರುತಿನ ಬನ್ನು ಎರಡೂ ಆ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಹಬ್ಬ ಬೇರೆಯಾದರೂ ಗಿರಾಕಿಗಳು ಒಬ್ಬರ ಪಕ್ಕ ಒಬ್ಬರು ನಿಲ್ಲುತ್ತಾರೆ.

ಆದರೆ ರುಚಿಗೂ ಒಂದು ಮಿತಿ ಬೇಡವೇ? ರಮಝಾನ್ ಸಂಜೆಗಳಲ್ಲಿ ಇಲ್ಲಿ ಸೇರುತ್ತಿದ್ದ ಜನಜಂಗುಳಿ, ಹೊಗೆ, ಕಸ, ಅಡ್ಡಾದಿಡ್ಡಿ ನಿಂತ ವಾಹನಗಳ ಬಗ್ಗೆ ನಿವಾಸಿಗಳು ದೂರಿದರು. 2023ರಲ್ಲಿ ರಸ್ತೆಬದಿಯ ತಾತ್ಕಾಲಿಕ ಮಳಿಗೆಗಳಿಗೆ ತಡೆ ಬಿತ್ತು. ನಷ್ಟವಾದದ್ದು ಯಾರಿಗೆ? ಆ ಒಂದು ತಿಂಗಳ ದುಡಿಮೆಯನ್ನು ನಂಬಿದ್ದ ಬಡ ವ್ಯಾಪಾರಿಗೆ.

ದಾರಿಯಲ್ಲಿರುವ ತೊಡಕನ್ನು ಸರಿಸುವುದೂ ಈಮಾನ್‌ನ ಭಾಗವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹಾಗಿರುವಾಗ ನಾವೇ ತೊಡಕಾಗಬಹುದೇ? ವಾಹನವನ್ನು ದೂರದಲ್ಲಿ ನಿಲ್ಲಿಸಿ ನಡೆದು ಹೋಗಿ. ಯಾರದೋ ಮನೆಯ ಗೇಟಿನ ಮುಂದೆ ನಿಂತು ತಿನ್ನಬೇಡಿ. ಎಂಜಲು ತಟ್ಟೆಯನ್ನು ಕಸದ ಡಬ್ಬಿಗೇ ಹಾಕಿ. ವ್ಯಾಪಾರಿಯ ಅನ್ನ ಉಳಿಯಬೇಕಾದರೆ ನೆರೆಯವರ ನೆಮ್ಮದಿಯೂ ಉಳಿಯಬೇಕು. ನಮ್ಮೂರ ಸಂತೆಗೂ ಈ ಮಾತು ಸಲ್ಲುತ್ತದೆ.