ಬೆಟ್ಟ ಇಳಿಯುವವರಿಗೆ ಮುಂದಿನ ಬ್ರೇಕ್

ಸೈಕಲ್‌ನಲ್ಲಿ ಬೆಟ್ಟ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದೇ ನಾನು ತಿಳಿದಿದ್ದೆ. ಕಳೆದ ರಂಜಾನ್ ಹಬ್ಬದ ರಜೆಯಲ್ಲಿ ಮಾಮು ಮನೆಯವರ ಜೊತೆ ಕೊಡಚಾದ್ರಿಗೆ ಹೋದಾಗ ಅದು ತಪ್ಪು ಎಂದು ಗೊತ್ತಾಯಿತು. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಜೀಪು ಹೋಗುವ ದಾರಿಯನ್ನು ರಸ್ತೆ ಎನ್ನುವಂತಿಲ್ಲ, ಬರೀ ಕಲ್ಲು ಮತ್ತು ಕೊರಕಲು. ಜೀಪಿನೊಳಗೆ ನಾವು ಕಂಬಿ ಹಿಡಿದು ಕುಣಿಯುತ್ತಿದ್ದಾಗ ಎದುರಿನಿಂದ ನಾಲ್ಕು ಜನ ಗೇರ್ ಸೈಕಲ್‌ನಲ್ಲಿ ಇಳಿದು ಬಂದರು. ಯಾರೂ ಸೀಟಿನ ಮೇಲೆ ಕೂತಿರಲಿಲ್ಲ. ಪೆಡಲ್ ಮೇಲೆ ನಿಂತು, ಮೊಣಕೈ ಮೊಣಕಾಲು ಬಾಗಿಸಿ, ಸೊಂಟವನ್ನು ಸೀಟಿನ ಹಿಂದಕ್ಕೆ ಒಯ್ದಿದ್ದರು. ಜೀಪಿಗೆ ದಾರಿ ಬಿಡಲು ಒಬ್ಬರು ನಿಂತಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಇಳಿಯುವಾಗ ಯಾವ ಬ್ರೇಕ್ ಹಿಡೀತೀರಾ?"

"ಎರಡೂ. ಜಾಸ್ತಿ ಮುಂದಿನದು" ಎಂದರು.

ಹಾಗೆ ಕೇಳಲು ನನಗೆ ಕಾರಣವಿತ್ತು. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ತಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕೆರೆ ಏರಿಯಿಂದ ತೋಟದ ಕಡೆಗೆ ಇಳಿಯುವ ಗರಸು ರಸ್ತೆಯಲ್ಲಿ ಹೋಗುತ್ತಿದ್ದೆ. ಸೈಕಲ್ ನಮ್ಮಣ್ಣನದು, ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಬಂದದ್ದು. ಅದರ ಮುಂದಿನ ಬ್ರೇಕಿನ ವೈರನ್ನು ನಾನೇ ಬಿಚ್ಚಿಹಾಕಿದ್ದೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಎಂದು ನಮ್ಮೂರಿನಲ್ಲಿ ಎಲ್ಲರೂ ಹೇಳುತ್ತಾರಲ್ಲ, ಹಾಗಾಗಿ ಅದು ಇದ್ದರೇನು ಬಿಟ್ಟರೇನು ಎಂದುಕೊಂಡಿದ್ದೆ. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮೊದಲು ಹಿಡಿಯಲೇ ಇಲ್ಲ. ಇನ್ನೂ ಬಲವಾಗಿ ಒತ್ತಿದೆ. ತಿರುವಿನಲ್ಲಿ ಒಮ್ಮೆಲೇ ಹಿಡಿಯಿತು, ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ನನ್ನ ಮೊಣಕೈ ತರಚಿತು. ತಮ್ಮನ ಎಡಗೈ ಮುರಿಯಿತು.

ಹಾಗೇಕೆ ಆಯಿತು ಎಂಬುದನ್ನು ಆಮೇಲೆ ಓದಿ, ಸೈನ್ಸ್ ಓದುವ ಗೆಳೆಯನನ್ನು ಕೇಳಿ ತಿಳಿದುಕೊಂಡೆ. ಉಕ್ಕಿನ ರಿಮ್ ಒದ್ದೆಯಾದಾಗ ಬ್ರೇಕ್ ರಬ್ಬರ್ ಮೊದಲು ಆ ನೀರನ್ನು ಒರೆಸಬೇಕು. ಚಕ್ರ ಕೆಲವು ಸುತ್ತು ತಿರುಗುವವರೆಗೆ ಹಿಡಿತವೇ ಸಿಗುವುದಿಲ್ಲ. ಸಿಕ್ಕಾಗ ನಾವು ಆಗಲೇ ಪೂರ್ತಿ ಬಲ ಹಾಕಿರುತ್ತೇವೆ, ಚಕ್ರ ಕಟ್ಟಿಹಾಕಿದಂತೆ ನಿಲ್ಲುತ್ತದೆ. ತಿರುಗುವ ಚಕ್ರ ಹೇಳಿದ ಕಡೆ ಹೋಗುತ್ತದೆ, ನಿಂತ ಚಕ್ರ ತನಗೆ ಬೇಕಾದ ಕಡೆ ಜಾರುತ್ತದೆ.

ಇನ್ನು ಮುಂದಿನ ಬ್ರೇಕಿನ ವಿಷಯ. ಬಸ್ಸು ಗಕ್ಕನೆ ನಿಂತರೆ ನಾವೆಲ್ಲ ಮುಂದಕ್ಕೆ ಬಾಗುತ್ತೇವೆ. ಸೈಕಲ್‌ನಲ್ಲೂ ಅಷ್ಟೇ. ಬ್ರೇಕ್ ಹಿಡಿದ ಕ್ಷಣ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರವಾಗುತ್ತದೆ. ಭಾರವಿದ್ದ ಕಡೆ ನೆಲದ ಹಿಡಿತ ಹೆಚ್ಚು. ಇಳಿಜಾರಿನಲ್ಲಂತೂ ಭಾರ ಮೊದಲೇ ಮುಂದಿರುತ್ತದೆ. ಒಣಗಿದ ಸಮತಟ್ಟು ರಸ್ತೆಯಲ್ಲೇ ಬರೀ ಹಿಂದಿನ ಬ್ರೇಕಿನಿಂದ ನಿಲ್ಲಲು ಸುಮಾರು ಎರಡು ಪಟ್ಟು ದೂರ ಬೇಕು. ಹಾಗೆಂದು ಊರಿನವರ ಮಾತು ಪೂರ್ತಿ ಸುಳ್ಳಲ್ಲ. ಎದೆ ಹ್ಯಾಂಡಲ್ ಮೇಲೆ ಇಟ್ಟುಕೊಂಡು ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದರೆ ಪಲ್ಟಿಯೇ. ಅದಕ್ಕೇ ಕೊಡಚಾದ್ರಿಯ ಆ ನಾಲ್ವರು ಸೊಂಟ ಹಿಂದಿಟ್ಟುಕೊಂಡಿದ್ದರು. ಒಂದು ಬೆರಳಿನಿಂದ ಮೆಲ್ಲಗೆ ಒತ್ತುವುದು, ಸಡಿಲ ಜಲ್ಲಿ ಬಂದಾಗ ಮುಂದಿನದನ್ನು ಬಿಡುವುದು, ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳುವುದು, ಇದು ಅವರ ಕ್ರಮ.

ನಾನು ಕಾಮರ್ಸ್ ವಿದ್ಯಾರ್ಥಿ. ಒಂದು ಕಡೆ ಡೆಬಿಟ್ ಆದರೆ ಇನ್ನೊಂದು ಕಡೆ ಕ್ರೆಡಿಟ್ ಇರಲೇಬೇಕು. ಬೆಟ್ಟದ ಎತ್ತರ ಕಳೆದುಕೊಂಡರೆ ಅದು ಯಾವ ಖಾತೆಗೆ ಹೋಯಿತು? ವೇಗ ಹೆಚ್ಚದಂತೆ ನಿಧಾನವಾಗಿ ಇಳಿದರೆ ಅದರಲ್ಲಿ ಬಹುಪಾಲು ಬ್ರೇಕಿನ ಶಾಖವಾಗುತ್ತದೆ. ಸೈಕಲ್ ಸೇರಿ 75 ಕೆ.ಜಿ. ತೂಕ 100 ಮೀಟರ್ ಕೆಳಗಿಳಿದರೆ ಸುಮಾರು 73,500 ಜೂಲ್. ಒಂದು ಲೋಟ, ಅಂದರೆ 200 ಮಿ.ಲೀ. ನೀರನ್ನು ಕುದಿಸಲು ಅಷ್ಟು ಸಾಕು. ಗೆಳೆಯ ಎರಡು ಸಲ ಲೆಕ್ಕ ಹಾಕಿ ನೋಡಿದ, ಟ್ಯಾಲಿ ಆಯಿತು.

ಮೌಂಟನ್ ಬೈಕ್ ಹುಟ್ಟಿದ ಕಥೆಯಲ್ಲೂ ಈ ಶಾಖವೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವು ಯುವಕರು ಹಳೆಯ, ದಪ್ಪ ಟಯರಿನ ಭಾರದ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುವ ಸ್ಪರ್ಧೆ ಶುರುಮಾಡಿದರು. ಸುಮಾರು 400 ಮೀಟರ್ ಇಳಿತ. ಆ ಸೈಕಲ್‌ಗಳಿಗೆ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಇತ್ತು, ಅದು ಹಿಂದಿನ ಹಬ್ಬಿನೊಳಗೆ. ನನ್ನ ಲೆಕ್ಕದಲ್ಲಿ ನಾಲ್ಕು ಲೋಟ ನೀರು ಕುದಿಯುವ ಶಾಖ ಆ ಒಂದು ಹಬ್ಬಿಗೆ. ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಇಳಿದ ಮೇಲೆ ಹಬ್ ಬಿಚ್ಚಿ ಗ್ರೀಸ್ ತುಂಬಬೇಕು. ಅದಕ್ಕೇ ಆ ಸ್ಪರ್ಧೆಗೆ 'ರೀಪ್ಯಾಕ್' ಎಂದು ಹೆಸರು ಬಂತು. ಅಲ್ಲಿ ಓಡಿಸುತ್ತಿದ್ದ ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಸೈಕಲ್ ಕಟ್ಟಿದರು. ಈಗ ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ 'ಮೆಗಾವಲಾಂಶ್' ಎಂಬ ಸ್ಪರ್ಧೆ 3,300 ಮೀಟರ್ ಎತ್ತರದ ಹಿಮದ ಮೇಲಿನಿಂದ ಹೊರಟು ಸುಮಾರು 2,600 ಮೀಟರ್ ಕೆಳಕ್ಕೆ ಇಳಿಯುತ್ತದೆ. ಲೋಟದ ಲೆಕ್ಕ ನೀವೇ ಹಾಕಿಕೊಳ್ಳಿ. ಅಂಥ ಸೈಕಲ್‌ಗಳಿಗೆ ಡಿಸ್ಕ್ ಬ್ರೇಕ್ ಹಾಕುವುದು ಚಂದಕ್ಕಲ್ಲ. ಡಿಸ್ಕ್ ನೆಲದ ಕೆಸರಿನಿಂದ ದೂರ ಇರುತ್ತದೆ, ಗಾಳಿಗೆ ಬೇಗ ಆರುತ್ತದೆ.

ನಮ್ಮ ರಾಜ್ಯದಲ್ಲೂ ಈ ಆಟ ಇದೆ, 2022ರಲ್ಲಿ ಗದಗದಲ್ಲಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆ ನಡೆದಿತ್ತು. ಆದರೆ ಡಿಸ್ಕ್ ಬ್ರೇಕಿನ ಒಳ್ಳೆಯ ಸೈಕಲ್ ಬೆಲೆ ಕೇಳಿ ಅಬ್ಬಾ ನಕ್ಕುಬಿಟ್ಟರು. ನಾನೂ ನಕ್ಕೆ.

ಹಾಗಾಗಿ ಅದೇ ಹಳೆಯ ಸೈಕಲ್. ಮುಂದಿನ ಬ್ರೇಕಿಗೆ ಹೊಸ ವೈರು, ಎರಡಕ್ಕೂ ಹೊಸ ರಬ್ಬರ್ ಹಾಕಿಸಿದೆ. ಮೊದಲು ಹುಲ್ಲಿನ ಮೈದಾನದಲ್ಲಿ ಕಲಿತೆ: ಎರಡು ಪೆಡಲ್ ಒಂದೇ ಮಟ್ಟದಲ್ಲಿಟ್ಟು ನಿಲ್ಲುವುದು, ಕಣ್ಣು ಚಕ್ರದ ಮೇಲಿಡದೆ ಮುಂದಿನ ದಾರಿಯ ಮೇಲಿಡುವುದು. ಮಳೆಯಲ್ಲಿ ಇಳಿಜಾರು ಬರುವ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ ಒರೆಸಿಕೊಳ್ಳುತ್ತೇನೆ. ಕೆರೆ ಏರಿಯ ತಿರುವಿನಲ್ಲಿ ನೀರು ಹರಿದಿದ್ದರೆ ಇಳಿದು ತಳ್ಳಿಕೊಂಡು ಹೋಗುತ್ತೇನೆ. ದೊಡ್ಡ ಸ್ಪರ್ಧಿಗಳೂ ಮೊದಲು ದಾರಿಯನ್ನು ನಡೆದು ನೋಡುತ್ತಾರಂತೆ.

ತಮ್ಮನ ಕೈ ಕೂಡಿಕೊಂಡಿದೆ. ಬ್ರೇಕಿನ ವೈರ್ ಸಡಿಲವಾದರೆ ಈಗ ಅವನೇ ಬಿಗಿ ಮಾಡುತ್ತಾನೆ. "ಭಾಯ್, ಮುಂದಿನದು ನೋಡಿದೆಯಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಾನೆ. ಕ್ಯಾರಿಯರ್ ಮೇಲೆ ಮಾತ್ರ ಇನ್ನೂ ಕೂರುವುದಿಲ್ಲ.